ಚಾಳೀಸಪ್ಪನೂ ಕೋಟೆ ರಾಣಿಯ ಫೈಲೂ

ನಮ್ಮ ಕಟ್ಟಡದಲ್ಲಿ ಚಾಳೀಸಪ್ಪನಿಗೆ ಕಂಪ್ಯೂಟರ್ ಪಂಡಿತನೆಂಬ ಹೆಸರು ಬಂದದ್ದು ಒಂದು ಪ್ರಿಂಟರಿನ ದೆಸೆಯಿಂದ. ನಿವಾಸಿಗಳ ಸಂಘದ ಪ್ರಿಂಟರ್ ಕೆಟ್ಟು ಕೂತಿತ್ತು. ಕಾರ್ಯದರ್ಶಿಗಳು ಅದನ್ನು ತಟ್ಟಿ, ಕುಲುಕಿ, ಕೊನೆಗೆ ಬೈದೂ ನೋಡಿದ್ದರು. ಆಗ ಒಳಗೆ ಬಂದ ಚಾಳೀಸಪ್ಪ ಅದರ ವೈರನ್ನು ಗೋಡೆಯಿಂದ ಕಿತ್ತು, ಏನೋ ಯೋಚಿಸಿ ಮತ್ತೆ ಸಿಕ್ಕಿಸಿದ. ಪ್ರಿಂಟರ್ ಗುರ್ರೆಂದು ಕೆಲಸ ಶುರುಮಾಡಿತು. ನಿಜ ಹೇಳಬೇಕೆಂದರೆ ಅವನು ತನ್ನ ಫೋನ್ ಚಾರ್ಜಿಗೆ ಹಾಕಲು ಜಾಗ ಹುಡುಕುತ್ತಿದ್ದ. ಆದರೆ ಅಷ್ಟು ಜನ ಒಟ್ಟಿಗೆ ಹೊಗಳುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದ.

ಕಸುಬಿನಲ್ಲಿ ಅವನದು ಕನ್ನಡಕದ ಅಂಗಡಿ, ಮುಖ್ಯರಸ್ತೆಯ ತಿರುವಿನಲ್ಲಿ. ಚಾಳೀಸು, ಅಂದರೆ ಕನ್ನಡಕ, ಮಾರುವವನಿಗೆ ಚಾಳೀಸಪ್ಪ ಎಂಬ ಹೆಸರನ್ನು ಇಟ್ಟವನು ನಾನೇ ಎಂಬ ಆಪಾದನೆ ಇದೆ. ಪಕ್ಕದ ಮನೆಯಲ್ಲಿರುವವನಿಗೆ ಅಷ್ಟು ಹಕ್ಕೂ ಇಲ್ಲದಿದ್ದರೆ ಹೇಗೆ?

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರ ಜೊತೆಯಲ್ಲೇ ಇದ್ದಾರೆ. ಒಂದು ಕಾಲಕ್ಕೆ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಕೋಣೆ ತುಂಬ ಯಂತ್ರಗಳು ಟಕಟಕ ಎನ್ನುತ್ತಿರುವಾಗ ಹಿಂದಿನ ಬೆಂಚಿನವನು ತಪ್ಪು ಒತ್ತಿದರೆ ಅವನ ಕೈ ಗಾಳಿಯಲ್ಲೇ ನಿಲ್ಲಿಸುವಂಥ ಕಂಠ. ಅಳಿಯನನ್ನು ಅವರು ಯಾವತ್ತೂ ಏಕವಚನದಲ್ಲಿ ಬೈದವರಲ್ಲ. ಬೈಗುಳವೆಲ್ಲ ಗೌರವದ ಬಹುವಚನದಲ್ಲೇ. 'ಅಳಿಯಂದ್ರು ಛತ್ರಿ ಎಲ್ಲಿ ಬಿಟ್ಟು ಬಂದ್ರೋ' ಎಂದು ಅವರು ಕೇಳಿದರೆ ನನ್ನ ಮನೆಯಲ್ಲಿ ನಾನು ನನ್ನ ಛತ್ರಿ ಹುಡುಕುತ್ತಿದ್ದೆ.

ಕೆಲವು ವರ್ಷದ ಹಿಂದೆ ಅವರ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆಗಿ ಜೀವ ಉಳಿಯಿತು, ಧ್ವನಿ ಹೋಯಿತು. ಅಂದಿನಿಂದ ಕೊರಳಿಗೆ ಹತ್ತಿಯ ರುಮಾಲು, ಕೈಗೆ ಸ್ಲೇಟು ಬಳಪ. ದರ್ಬಾರಿಗೇನೂ ಕಡಿಮೆಯಿಲ್ಲ. ಸ್ಲೇಟಿನ ಮೇಲೆ ಅವರು ಎರಡು ಸಲ ಬಳಪ ಕುಟ್ಟಿದರೆ ಚಾಳೀಸಪ್ಪ ಸ್ನಾನದ ಮನೆಯಿಂದಲೂ 'ಬಂದೆ' ಎನ್ನುತ್ತಾನೆ. ಆದರೂ ಆ ಮನೆ ಸಪ್ಪಗಾಗಿತ್ತು, ಅದು ಗೋಡೆಯ ಈಚೆಗಿದ್ದ ನನಗೇ ಗೊತ್ತಾಗುತ್ತಿತ್ತು.

ಈ ಕಥೆ ಶುರುವಾದದ್ದು ಒಂದು ರಜೆಯ ಊಟದ ನಂತರ. ಅತ್ತೆಯ ದೊಡ್ಡ ಮಗಳ ಗಂಡ, ಚಾಳೀಸಪ್ಪನ ಷಡ್ಡಕ, ಬಂದಿದ್ದರು. ದೊಡ್ಡ ಕಚೇರಿಯ ದೊಡ್ಡ ಹುದ್ದೆ ಅವರದು. ಯಾವ ವಿಷಯ ಎತ್ತಿದರೂ ಅವರ ಕಚೇರಿಯಲ್ಲಿ ಅದಕ್ಕೊಂದು ವಿಭಾಗ ಇರುತ್ತದೆ. ನಲ್ಲಿ ಸೋರಿದರೂ ಇರುತ್ತದೆ. ನನ್ನನ್ನೂ ಊಟಕ್ಕೆ ಕರೆದಿದ್ದರು, ಏಕೆಂದರೆ ಅವರ ಮಾತು ಕೇಳಲು ಒಬ್ಬ ಹೆಚ್ಚಿನ ಮನುಷ್ಯ ಬೇಕಾಗುತ್ತದೆ.

ಅತ್ತೆ ಹೊಲಿಗೆ ಯಂತ್ರದ ಡ್ರಾಯರಿನಿಂದ ಒಂದು ಸಿ.ಡಿ. ತಂದು ಮೇಜಿನ ಮೇಲಿಟ್ಟರು. ಸ್ಲೇಟಿನಲ್ಲಿ ಬರೆದರು: 'ಇದರಲ್ಲಿ ನನ್ನ ಧ್ವನಿ ಇದೆ.'

ಮಗಳು, ಅಂದರೆ ಚಾಳೀಸಪ್ಪನ ಹೆಂಡತಿ, ವಿಷಯ ಬಿಡಿಸಿ ಹೇಳಿದಳು. ಟೈಪಿಂಗ್ ಶಾಲೆಯ ಮೇಲಿನ ಮಹಡಿಯಲ್ಲಿ ಮೂವರು ಹುಡುಗರು ಸೇರಿ ಕಂಪ್ಯೂಟರ್ ಆಟ ತಯಾರಿಸುತ್ತಿದ್ದರಂತೆ. ಆಟಕ್ಕೊಬ್ಬ ಕಡುಕೋಪದ ಕೋಟೆ ರಾಣಿ ಬೇಕಿತ್ತು. ನಾಟಕದವರನ್ನೆಲ್ಲ ವಿಚಾರಿಸಿ ಬೇಸತ್ತು ಕೂತಿದ್ದಾಗ ನೆಲದಡಿಯಿಂದ ಅತ್ತೆ ಪಾಠ ಮಾಡುವುದು ಕೇಳಿಸಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಟ್ಟಿಲಿಳಿದು ಬಂದು, ಅವರಿಗೇ ರಾಣಿಯ ವೇಷ ಹಾಕಿಸಿ ವಿಡಿಯೋ ತೆಗೆದಿದ್ದಾರೆ. ಆಟ ಹೊರಬಂತು, ಓಡಲಿಲ್ಲ, ಹುಡುಗರು ದಿಕ್ಕಿಗೊಬ್ಬರಾದರು. ಅತ್ತೆಗೆ ಈ ಒಂದು ಸಿ.ಡಿ. ಉಳಿಯಿತು. ಆಗ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಕಂಪ್ಯೂಟರ್ ಬಂದಾಗ ಸಿ.ಡಿ. ಮರೆತುಹೋಗಿತ್ತು.

"ಬೇರೆಲ್ಲೂ ಅಮ್ಮನ ಧ್ವನಿ ಇಲ್ಲ," ಎಂದಳು ಅವಳು. "ಮದುವೆ ವಿಡಿಯೋಲಿ ಬರೀ ಹಾಡು ತುಂಬಿದಾರೆ. ಫೋನಲ್ಲಿ ತೆಗೆಯೋಣ ಅಂದ್ರೆ, ಕ್ಯಾಮೆರಾ ಕಂಡ ತಕ್ಷಣ ಬಾಯಿ ಮುಚ್ಕೊಂಡು ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಂತ್ಬಿಡೋಳು."

"ಕೊಡಿ ಇಲ್ಲಿ," ಎಂದರು ಷಡ್ಡಕರು. "ನಮ್ಮ ಆಫೀಸಲ್ಲಿ ಇದಕ್ಕೇ ಅಂತ ಒಂದು ವಿಭಾಗ ಇದೆ."

ಚಾಳೀಸಪ್ಪನಿಗೆ ಎಲ್ಲಿ ಚುಚ್ಚಿತೋ ಏನೋ. "ಇದಕ್ಕೆಲ್ಲ ವಿಭಾಗ ಯಾಕೆ ಭಾವ? ಹತ್ತು ನಿಮಿಷದ ಕೆಲಸ. ನಾನೇ ತೆಗೆದು ಕೊಡ್ತೀನಿ," ಎಂದುಬಿಟ್ಟ.

ಅತ್ತೆ ಅವನನ್ನು ದಿಟ್ಟಿಸಿ ನೋಡಿ, ಸ್ಲೇಟು ಒರೆಸಿ, ನಿಧಾನವಾಗಿ ಬರೆದರು: 'ನನ್ನ ಧ್ವನಿ ಹೇಗಿತ್ತು ಅಂತ ನನಗೇ ಮರೆತುಹೋಗಿದೆ.'

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಮರೆಯುತ್ತ ಬಂದಿತ್ತು, ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಚಾಳೀಸಪ್ಪನಿಗೆ ಮಾತ್ರ, ತಾನು ಹೇಳಿದ ಹತ್ತು ನಿಮಿಷ ಈಗಾಗಲೇ ಮುಗಿಯುತ್ತ ಬಂದಿದೆಯೆಂಬ ಅಳುಕು ಶುರುವಾಯಿತು.

ಈಗಿನ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಅದು ಇದ್ದದ್ದು ಸಂಘದ ಕಚೇರಿಯ ಹಳೆಯ ಯಂತ್ರದಲ್ಲಿ. ಆ ಕಚೇರಿಯ ಬೀಗದ ಕೈ ಇದ್ದದ್ದು ಕಾರ್ಯದರ್ಶಿಗಳ ಸೊಂಟದಲ್ಲಿ. ಹೀಗೆ ಮನೆಯ ವಿಷಯ ಸಂಘದ ವಿಷಯವಾಯಿತು.

ಚಾಳೀಸಪ್ಪ ಸಿ.ಡಿ.ಯಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಕೊಂಡ. ಆಟವನ್ನೇ ಓಡಿಸೋಣವೆಂದರೆ ಅದು ಅಜ್ಜನ ಕಾಲದ ಯಂತ್ರಕ್ಕೆ ಹೊಲಿದ ಅಂಗಿ, ಇದರ ಮೈಗೆ ಹತ್ತಲಿಲ್ಲ. ಒಳಗೆ ರಾಣಿ ಒಂದು, ರಾಣಿ ಎರಡು ಎಂಬಂತೆ ಫೈಲುಗಳ ಸಾಲೇ ಇತ್ತು. ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಮೂರು ಅಕ್ಷರ; ಅಂಥ ಅಕ್ಷರಗಳನ್ನು ಅವನು ಎಲ್ಲಿಯೂ ಕಂಡವನಲ್ಲ. ಒತ್ತಿದರೆ 'ಇದನ್ನು ಯಾವುದರಲ್ಲಿ ತೆರೆಯಲಿ' ಎಂದು ಕಂಪ್ಯೂಟರ್ ಅವನನ್ನೇ ಕೇಳಿತು. ಈ ಪ್ರಶ್ನೆ ಅವನಿಗೆ ಉದ್ಧಟತನವೆನಿಸಿತು.

ಆಗ ಅವನಿಗೆ ಹೊಳೆಯಿತು. ಫೋನಿನ ವಿಡಿಯೋಗಳ ಹೆಸರೆಲ್ಲ ಎಂಪಿ ಫೋರ್ ಎಂದು ಮುಗಿಯುತ್ತವೆ. ಇದರ ಬಾಲ ಕತ್ತರಿಸಿ ಆ ಬಾಲ ಅಂಟಿಸಿದರಾಯಿತು. ಅಂಟಿಸಿದ. ಫೈಲಿನ ಮೇಲಿದ್ದ ಖಾಲಿ ಕಾಗದದ ಚಿತ್ರ ಮಾಯವಾಗಿ ಪುಟ್ಟ ಸಿನಿಮಾ ರೀಲಿನ ಚಿತ್ರ ಬಂತು. ಚಾಳೀಸಪ್ಪನ ಎದೆ ಉಬ್ಬಿತು. ಸಾಲುಸಾಲಾಗಿ ಎಲ್ಲ ಫೈಲುಗಳ ಬಾಲ ಬದಲಿಸಿ, ಎದ್ದು ನಿಂತು, "ತೆಗೆದೆ," ಎಂದ. ಒತ್ತಿ ನೋಡುವುದೊಂದು ಬಾಕಿ ಇತ್ತು. ಅದು ಸಣ್ಣ ಕೆಲಸ, ಆಮೇಲೆ ಮಾಡಿದರಾಯಿತು ಎಂದುಕೊಂಡ.

ಅವನು ಮೆಟ್ಟಿಲು ಹತ್ತಿ ಮನೆ ಮುಟ್ಟುವುದರೊಳಗೆ ಸುದ್ದಿ ಮೂರು ಮನೆ ದಾಟಿತ್ತು. ಕಾರ್ಯದರ್ಶಿಗಳು ಸೂಚನಾ ಫಲಕದಲ್ಲಿ, ಬರುವ ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಹಿರಿಯ ನಿವಾಸಿ ಮಹಿಳೆಯೊಬ್ಬರು ನಟಿಸಿದ ಚಲನಚಿತ್ರದ ಪ್ರದರ್ಶನವಿದೆ, ಕುರ್ಚಿ ತಾವೇ ತರತಕ್ಕದ್ದು ಎಂದು ಅಂಟಿಸಿದರು. ಕೆಳಗಿನ ಮನೆಯಾಕೆ ಬಂದು ಅತ್ತೆಯ ಕೈ ಹಿಡಿದು, "ನೀವು ಸಿನಿಮಾದಲ್ಲಿದ್ರಿ ಅಂತ ನಂಗೆ ಮೊದ್ಲೇ ಅನುಮಾನ ಇತ್ತು. ನಿಮ್ಮ ನಡಿಗೇಲೇ ಗೊತ್ತಾಗೋದು," ಎಂದಳು. ಷಡ್ಡಕರು ಫೋನ್ ಮಾಡಿ ತಾವೂ ಬರುವುದಾಗಿ ಹೇಳಿದರು. ಅವರ ದನಿಯಲ್ಲಿ ಅಂಥ ಸಂತೋಷವೇನೂ ಇರಲಿಲ್ಲ.

ಮಾರನೆಯ ದಿನ ಚಾಳೀಸಪ್ಪ ಫೈಲು ಒತ್ತಿ ನೋಡಿದ. 'ಈ ಫೈಲು ಕೆಟ್ಟಿದೆ' ಎಂದಿತು ಕಂಪ್ಯೂಟರ್.

ಪಕ್ಕದಲ್ಲಿ ಕಾರ್ಯದರ್ಶಿಗಳಿದ್ದರು. ಅವರು ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಸರು ತಪ್ಪಾಗಿದ್ದರೆ ಹುಟ್ಟಿದವನೂ ಹುಟ್ಟಿಲ್ಲ, ಸತ್ತವನೂ ಸತ್ತಿಲ್ಲ ಎಂಬುದು ಅವರ ಇಡೀ ವೃತ್ತಿಯ ಸಾರ.

"ಹೆಸರಲ್ಲೇ ಏನೋ ದೋಷ ಇದೆ ಸ್ವಾಮಿ," ಎಂದರು. "ಬರೀ ರಾಣಿ ಅಂದ್ರೆ ಯಾವ ರಾಣಿ? ಪೂರ್ತಿ ಹೆಸರು ಹಾಕಿ."

ಅತ್ತೆಯ ಪೂರ್ತಿ ಹೆಸರು ಹಾಕಿದರು. ಕೆಟ್ಟಿದೆ ಎಂದಿತು. ಗಂಡನ ಹೆಸರು ಸೇರಿಸಿದರು. ಕೆಟ್ಟಿದೆ. ಬಾಲವನ್ನು ದೊಡ್ಡಕ್ಷರದಲ್ಲಿ ಬರೆದರು, ಎರಡು ಬಾಲ ಹಾಕಿದರು, ಹಾಡಿನ ಬಾಲ ಹಾಕಿದರು, ಚಿತ್ರಪಟದ ಬಾಲ ಹಾಕಿದರು. ಸಂಜೆಯ ಹೊತ್ತಿಗೆ ಆಡಳಿತ ಮಂಡಳಿಯ ಅರ್ಧ ಜನ ಅಲ್ಲಿ ಸೇರಿ ಆ ಫೈಲಿಗೆ ನಾಮಕರಣ ಮಾಡುತ್ತಿದ್ದರು. ಖಜಾಂಚಿಯವರು ಒಂದು ಹೆಸರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಬಹುಮತದಿಂದ ಪಾಸಾದ ಹೆಸರಿಗೂ ಕಂಪ್ಯೂಟರ್ ಕೆಟ್ಟಿದೆ ಎಂದೇ ಹೇಳಿದಾಗ ನಾನು ಮೆಲ್ಲಗೆ ಎದ್ದು ಬಂದೆ. ನಗು ತಡೆಯುವುದಕ್ಕೆ ನನ್ನ ವಯಸ್ಸಿನವರಿಗೆ ಕಷ್ಟವಾಗುತ್ತದೆ.

ಆದರೆ ಚಾಳೀಸಪ್ಪನಿಗೆ ನಗು ಬರಲಿಲ್ಲ. ಮನೆಯಲ್ಲಿ ಅತ್ತೆ ಭಾನುವಾರಕ್ಕೆಂದು ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಅದನ್ನು ನೋಡಿದಾಗಲೆಲ್ಲ ಅವನು ಊಟ ಅರ್ಧಕ್ಕೇ ಬಿಟ್ಟು ಅಂಗಡಿಗೆ ಓಡುತ್ತಿದ್ದ. ಕೊನೆಗೆ ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತಿನಲ್ಲಿ, ಸತ್ತುಹೋದ ಆಟಗಳನ್ನು ಪ್ರೀತಿಸುವವರ ಒಂದು ಜಾಲತಾಣ ಹುಡುಕಿ ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ತಾನು ಕನ್ನಡಕದ ಅಂಗಡಿಯವನೆಂಬುದನ್ನೂ, ಹೆಸರು ಬದಲಿಸಿದ ಸಾಹಸವನ್ನೂ ಬರೆದ.

ಉತ್ತರ ಬಂತು. ಬರೆದವರು ದೂರದ ಊರಿನ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರಮ್ಮ. ಹಳೆಯ ಆಟಗಳ ವಿಡಿಯೋ ಬಿಡಿಸುವುದು ಆಕೆಗೆ ಹುಚ್ಚು. ಫೋನ್ ನಂಬರನ್ನೂ ಕೊಟ್ಟಿದ್ದರು. ಇವನು ಫೋನ್ ಮಾಡಿದಾಗ ಆಕೆ ಮೊದಲು ಮನಸಾರೆ ನಕ್ಕರು.

"ಅಲ್ಲಪ್ಪ, ನಿಮ್ಮ ಅಂಗಡಿ ಬೋರ್ಡ್ ತೆಗೆದು ಬೇಕರಿ ಅಂತ ಬರೆದ್ರೆ ಒಳಗಿರೋ ಕನ್ನಡಕ ಎಲ್ಲ ಬಿಸ್ಕತ್ತಾಗುತ್ತಾ?"

"ಇಲ್ಲಮ್ಮ," ಎಂದ ಚಾಳೀಸಪ್ಪ.

"ಹೆಸರು ಹೊರಗಿನದು. ಬಾಯಿ ತೆಗೆಸಿ ಹಲ್ಲು ನೋಡ್ಬೇಕು. ಫೈಲನ್ನ ಬರಹ ಓದೋ ಪ್ರೋಗ್ರಾಮಲ್ಲಿ ತೆಗೀರಿ. ಹಾಳುಮೂಳು ಅಕ್ಷರ ಬರುತ್ತೆ, ಹೆದರ್ಬೇಡಿ. ಮೊದಲ ನಾಲ್ಕು ಅಕ್ಷರ ಮಾತ್ರ ನನಗೆ ಹೇಳಿ. ಯಾವ ಮನೆತನದ್ದು ಅಂತ ಅದೇ ಹೇಳುತ್ತೆ."

ಹೇಳಿದ. ಆಕೆ "ಓಹೋ, ಇದಾ," ಎಂದರು, ಪರಿಚಯದವರನ್ನು ರಸ್ತೆಯಲ್ಲಿ ಕಂಡವರಂತೆ. ಆಗಿನ ಕಂಪ್ಯೂಟರಿಗೆ ಶಕ್ತಿ ಸಾಲದಿದ್ದುದರಿಂದ ಒಬ್ಬೊಬ್ಬರು ಒಂದೊಂದು ರೀತಿ ಚಿತ್ರ ಮಡಚಿ ತುರುಕುತ್ತಿದ್ದರಂತೆ. ಮಡಚಿದವರು ಹೋದರು, ಬಿಡಿಸುವ ಕ್ರಮ ಕೆಲವು ಹುಚ್ಚರಿಗೆ ಮಾತ್ರ ಗೊತ್ತು. ಆ ಹುಚ್ಚರೇ ಸೇರಿ ಒಂದು ಉಚಿತ ಪ್ರೋಗ್ರಾಮ್ ಬರೆದಿದ್ದಾರೆ. ಅದನ್ನು ಕಳಿಸಿಕೊಟ್ಟರು.

ಶನಿವಾರ ಮಧ್ಯಾಹ್ನ ಮತ್ತೆ ಸಿ.ಡಿ.ಯಿಂದ ಹೊಸದಾಗಿ ನಕಲು ಮಾಡಿ, ಹೆಸರಿನ ತಂಟೆಗೆ ಹೋಗದೆ ಚಾಳೀಸಪ್ಪ ಫೈಲು ತೆರೆದ. ತೆರೆಯ ಮೇಲೆ ಒಬ್ಬ ರಾಣಿ ಬಂದಳು. ಸದ್ದು ಬರಲಿಲ್ಲ, ನಿಜ. ಆದರೆ ಸಂಘದ ಕಂಪ್ಯೂಟರಿಗೆ ಸ್ಪೀಕರೇ ಇರಲಿಲ್ಲ. ಸಭಾಂಗಣದ ದೊಡ್ಡ ಸ್ಪೀಕರಿಗೆ ಸಿಕ್ಕಿಸಿದಾಗ ಬರುತ್ತದೆ ಎಂದುಕೊಂಡು, ಆ ದಿನ ಅವನು ಹೊಟ್ಟೆ ತುಂಬ ಉಂಡ.

ಭಾನುವಾರ ಸಭಾಂಗಣ ತುಂಬಿತ್ತು. ಕುರ್ಚಿ ತರದವರು ಮೆಟ್ಟಿಲ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ, ಇಸ್ತ್ರಿ ಸೀರೆ, ಮಡಿಲಲ್ಲಿ ಸ್ಲೇಟು. ಪಕ್ಕದಲ್ಲಿ ಮಗಳು. ಆಚೆ ಪಕ್ಕ ಷಡ್ಡಕರು, ಕಾಲ ಮೇಲೆ ಕಾಲು. ಕಾರ್ಯದರ್ಶಿಗಳ ಸ್ವಾಗತ ಭಾಷಣ ಮುಗಿಯುವುದರೊಳಗೆ ಎರಡು ಮಕ್ಕಳು ನಿದ್ದೆ ಹೋದವು. ನಂತರ ದೀಪ ಆರಿತು.

ಗೋಡೆಯ ಮೇಲೆ ಕೋಟೆ ಬಂತು. ಕೋಟೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ವಯಸ್ಸು ಕಡಿಮೆ, ಹುಬ್ಬು ಅವೇ. ಮುಖ ಮಾತ್ರ ಹಸಿರು, ಹುರುಳಿಕಾಯಿಯಷ್ಟು ಹಸಿರು. ಜಾಗ ಉಳಿಸಲು ಆ ಹುಡುಗರು ಒಂದು ಗೆರೆ ಬಿಟ್ಟು ಒಂದು ಗೆರೆ ಚಿತ್ರ ತುಂಬಿದ್ದರಿಂದ, ರಾಣಿ ಕಿಟಕಿಯ ಪಟ್ಟಿಗಳ ಹಿಂದಿನಿಂದ ಇಣುಕುವಂತೆ ಕಾಣುತ್ತಿದ್ದಳು.

"ಅನಾರೋಗ್ಯದ ಪಾತ್ರ ಇರಬೇಕು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ರಾಣಿ ಕೈ ಎತ್ತಿದಳು. ಬಾಯಿ ತೆರೆದಳು. ತುಟಿಗಳು ಆಡಿದವು. ಏನೂ ಕೇಳಿಸಲಿಲ್ಲ. ಚಾಳೀಸಪ್ಪ ಸ್ಪೀಕರಿನ ಗುಂಡಿ ತಿರುಗಿಸಿದ, ವೈರು ಕಿತ್ತು ಮತ್ತೆ ಸಿಕ್ಕಿಸಿದ. ಈ ಸಲ ಪ್ರಿಂಟರಿನ ಭಾಗ್ಯ ಒದಗಲಿಲ್ಲ. ಗೋಡೆಯ ಮೇಲಿನ ಅತ್ತೆಗೂ ಮಾತಿಲ್ಲ, ಕುರ್ಚಿಯ ಮೇಲಿನ ಅತ್ತೆಗೂ ಮಾತಿಲ್ಲ. ಮಗಳು ತಲೆ ತಗ್ಗಿಸಿಕೊಂಡಳು. ನನಗೆ ಆ ಕ್ಷಣ ಅಲ್ಲಿ ಇರಬಾರದಿತ್ತು ಎನಿಸಿತು.

"ನಾನು ಅವತ್ತೇ ಹೇಳ್ದೆ," ಎಂದರು ಷಡ್ಡಕರು, ಸಾಕಷ್ಟು ಗಟ್ಟಿಯಾಗಿ. "ಅದಕ್ಕೆಲ್ಲ ಒಂದು ವಿಭಾಗ ಅಂತ ಇರುತ್ತೆ."

ಬಳಪ ಎರಡು ಸಲ ಕುಟ್ಟಿದ ಸದ್ದಾಯಿತು. ದೀಪ ಹಾಕಿದರು. ಅತ್ತೆ ಸ್ಲೇಟನ್ನು ಎತ್ತಿ ಹಿಡಿದಿದ್ದರು: 'ಮಾತು ಬೇರೆ ದಿನ. ಬೀರುವಿನೊಳಗೆ.'

ಸಭೆ ಗಾಬರಿಯಾಯಿತು. ಪಾಪ, ಆಘಾತ ತಡೆಯಲಾಗಲಿಲ್ಲ, ನೀರು ಕೊಡಿ ಎಂದು ಕಾರ್ಯದರ್ಶಿಗಳು ಎದ್ದರು. ಮಗಳು ಮಾತ್ರ ತಟ್ಟನೆ ತಲೆ ಎತ್ತಿದಳು.

"ಹೌದು ಕಣ್ರೀ, ನೆನಪಾಯ್ತು. ಅಮ್ಮನ ನಟನೆ ಒಂದು ದಿನ ತೆಗೆದ್ರು. ಧ್ವನಿ ಇನ್ನೊಂದು ದಿನ. ಹೊರಗಿನ ಗಲಾಟೆ ಕೇಳಿಸ್ಬಾರ್ದು ಅಂತ ಬಟ್ಟೆ ಬೀರು ಒಳಗೆ ನಿಲ್ಲಿಸಿ ಮಾತಾಡ್ಸಿದ್ರು. ಮನೆಗೆ ಬಂದು ನುಸಿಗುಳಿಗೆ ವಾಸನೆ ಅಂತ ಬೈಕೊಂಡಿದ್ಲು."

ಚಾಳೀಸಪ್ಪ ಡಾಕ್ಟರಮ್ಮನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೈಕಿನ ಹತ್ತಿರ ಇಟ್ಟ.

"ಹಾಗಾದ್ರೆ ಧ್ವನಿ ಬೇರೆ ಫೈಲಲ್ಲಿದೆ," ಎಂದರು ಆಕೆ. "ಎಲ್ಲಕ್ಕಿಂತ ದಪ್ಪ ಫೈಲು ಹುಡುಕಿ. ತಲೇಲಿ ನಾಲ್ಕಕ್ಷರ ಇರಲ್ಲ, ಬರೀ ಸದ್ದು ಸುರಿದಿರ್ತಾರೆ. ಸಿಕ್ತಾ? ಈಗ ಪ್ರೋಗ್ರಾಮ್ ನಿಮ್ಮನ್ನ ಕೇಳುತ್ತೆ, ಯಾವ ವೇಗದಲ್ಲಿ ನುಡಿಸಲಿ ಅಂತ."

"ಕೇಳ್ತಿದೆ. ಏನಂತ ಹೇಳ್ಲಿ?"

"ಅದು ನನಗೆ ಗೊತ್ತಿಲ್ಲಪ್ಪ. ಫೈಲೂ ಹೇಳಲ್ಲ. ಆ ಧ್ವನಿ ಕೇಳಿದವರೇ ಹೇಳ್ಬೇಕು."

ಚಾಳೀಸಪ್ಪ ಒಂದು ಅಂಕಿ ಒತ್ತಿದ. ಸ್ಪೀಕರಿನಿಂದ ಕೆಸರಲ್ಲಿ ಕೂತ ಎಮ್ಮೆ ಮಾತಾಡಿದಂತಾಯಿತು. ಇನ್ನೊಂದು ಒತ್ತಿದ. ಸೊಳ್ಳೆ ಕೋಪಿಸಿಕೊಂಡಂತಾಯಿತು. ಮಕ್ಕಳು ಬಿದ್ದುಬಿದ್ದು ನಕ್ಕವು.

"ಅಮ್ಮನ ಧ್ವನಿ ಹೇಗಿತ್ತು, ಹೇಳೇ," ಎಂದ ಹೆಂಡತಿಗೆ.

"ನಂಗೆ ಗೊತ್ತಿಲ್ಲ," ಎಂದಳು ಅವಳು, ಅಷ್ಟೂ ಜನರ ಎದುರಿಗೆ. "ನೆನಪು ಮಾಡ್ಕೊಳಕ್ಕೆ ಹೋದ್ರೆ ಬರೋದೇ ಇಲ್ಲ." ಅತ್ತೆಯೂ ಇಲ್ಲವೆಂದು ತಲೆ ಆಡಿಸಿದರು.

ಚಾಳೀಸಪ್ಪನ ಮುಖದಲ್ಲಿದ್ದ ಪಂಡಿತ ಇಳಿದುಹೋದ, ಅಂಗಡಿಯವನು ಬಂದು ನಿಂತ. ತನ್ನ ಕಣ್ಣಿನ ನಂಬರು ಗೊತ್ತಿರುವ ಗಿರಾಕಿ ಯಾರೂ ಅವನ ಅಂಗಡಿಗೆ ಬರುವುದಿಲ್ಲ. ಆದರೆ ಎರಡು ಗಾಜು ತೋರಿಸಿದರೆ ಯಾವುದು ವಾಸಿ ಎಂದು ಹೇಳಲು ಬಾರದ ಗಿರಾಕಿಯೂ ಇಲ್ಲ. ಅವನು ಅತ್ತೆಯ ಕುರ್ಚಿಯನ್ನು ಸ್ಪೀಕರಿನ ಎದುರಿಗೆ ತಿರುಗಿಸಿದ. ಹೆಂಡತಿಯನ್ನು ಅವರ ಪಕ್ಕಕ್ಕೆ ಕೂರಿಸಿದ.

"ನೆನಪು ಮಾಡ್ಕೊಬೇಡಿ ಅತ್ತೆ. ಸುಮ್ನೆ ಕೇಳಿ. ಇದು ವಾಸೀನಾ," ಒಂದು ಒತ್ತಿದ, "ಇದು ವಾಸೀನಾ?" ಇನ್ನೊಂದು ಒತ್ತಿದ.

ಅತ್ತೆ ಎರಡು ಬೆರಳು ಎತ್ತಿದರು.

"ಸರಿ. ಇದಾ, ಇದಾ?"

ಒಂದು ಬೆರಳು. ಎಮ್ಮೆ ಮೆಲ್ಲಗೆ ಕೆಸರಿನಿಂದ ಏಳುತ್ತ ಬಂತು, ಸೊಳ್ಳೆ ಇಳಿಯುತ್ತ ಬಂತು. ಈಗ ಕೇಳಿಸುತ್ತಿದ್ದುದು ಮನುಷ್ಯರ ಮಾತು, ಆದರೆ ಯಾರದೋ. ಮಕ್ಕಳ ನಗು ನಿಂತಿತು. ಅವನಿಗೆ ಯಾವ ಅವಸರವೂ ಇರಲಿಲ್ಲ. ಅಂಗಡಿಯಲ್ಲಿ ಮುದುಕರಿಗೆ ಗಾಜು ಬದಲಿಸುವಾಗ ಇರುವ ಅದೇ ತಾಳ್ಮೆಯಿಂದ, "ಇದಾ, ಇದಾ, ಇಲ್ಲ ಎರಡೂ ಒಂದೇನಾ," ಎನ್ನುತ್ತ ಅಂಕಿ ಬದಲಿಸುತ್ತಲೇ ಹೋದ. ಷಡ್ಡಕರು ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿದರು.

ಮತ್ತೊಂದು ಅಂಕಿ ಒತ್ತಿದ.

"ಅದಲ್ಲ ಬಾಗಿಲು," ಎಂದಿತು ಸ್ಪೀಕರು. "ಎಷ್ಟು ಸಲ ಹೇಳಬೇಕು ನಿನಗೆ? ಕಣ್ಣು ಎಲ್ಲಿಟ್ಟಿದ್ದೀಯ? ಹೋಗು, ಮೊದಲಿಂದ ಶುರು ಮಾಡು."

ಚಾಳೀಸಪ್ಪ ಸಟ್ಟನೆ ಎದ್ದು ನೆಟ್ಟಗೆ ನಿಂತು, "ಆಯ್ತು ಅತ್ತೆ, ತಪ್ಪಾಯ್ತು," ಎಂದ.

ಸಭಾಂಗಣದ ಸೂರು ಹಾರುವಂತೆ ಜನ ನಕ್ಕರು. ಅತ್ತೆಯ ಎರಡೂ ಬೆರಳು ಗಾಳಿಯಲ್ಲೇ ನಿಂತಿದ್ದವು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೇಳಿದ ಮೇಲೆ, ಇದನ್ನು ಮರೆಯಲು ಹೇಗೆ ಸಾಧ್ಯವಾಯಿತೆಂದು ನನಗೇ ಆಶ್ಚರ್ಯವಾಯಿತು.

ಧ್ವನಿ ಮುಂದುವರಿಯಿತು. ರಾಣಿ ಸೈನಿಕರನ್ನು ಬೈದಳು, ಮಂತ್ರಿಯನ್ನು ಬೈದಳು, ಆಡುವವನನ್ನು ಮತ್ತೆ ಮತ್ತೆ ಬೈದಳು. ಆಮೇಲೆ ಒಂದು ಖಟ್ ಎಂಬ ಸದ್ದು. ಆಟಕ್ಕೆ ಸೇರದ್ದೇನೋ ಕತ್ತರಿಸದೆ ಉಳಿದುಹೋಗಿತ್ತು. ಒಬ್ಬ ಹುಡುಗನ ದನಿ, "ಮೇಡಂ, ಇನ್ನೊಂದೇ ಒಂದ್ಸಲ," ಎಂದಿತು. ಅದಕ್ಕೆ ಅತ್ತೆಯ ಧ್ವನಿ, ಈಗ ರಾಣಿಯದಲ್ಲ, ಮನೆಯದು:

"ಬೇಗ ಮುಗಿಸ್ರಪ್ಪ. ನನ್ನ ಚಿಕ್ಕವಳು ಸ್ಕೂಲಿಂದ ಬಂದು ಮೆಟ್ಟಿಲ ಮೇಲೆ ಕೂತಿರ್ತಾಳೆ. ಒಬ್ಳೇ ಇದ್ರೆ ಹೆದರ್ತಾಳೆ, ಕೇಳಿದ್ರೆ ಹೇಳಲ್ಲ."

ಆ ಚಿಕ್ಕವಳು, ಚಾಳೀಸಪ್ಪನ ಹೆಂಡತಿ, ಅತ್ತೆಯ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟಳು. "ನಾನೇನೂ ಹೆದರ್ತಿರ್ಲಿಲ್ಲಮ್ಮ," ಎಂದಳು. ಅತ್ತೆ ಅವಳ ತಲೆ ಸವರುತ್ತ, ಹೆದರುತ್ತಿದ್ದೆ ಎಂಬಂತೆ ತಲೆ ಆಡಿಸಿದರು. ಷಡ್ಡಕರು ಕರ್ಚೀಫು ಹುಡುಕಿದರು, ಸಿಗಲಿಲ್ಲ, ನನ್ನದು ತೆಗೆದುಕೊಂಡರು.

ಫೋನಿನೊಳಗಿಂದ ಡಾಕ್ಟರಮ್ಮ, "ಏನಾಯ್ತು? ಸರಿಹೋಯ್ತಾ? ಯಾರಾದ್ರೂ ಹೇಳ್ರಪ್ಪ," ಎನ್ನುತ್ತಲೇ ಇದ್ದರು.

"ರೀ," ಎಂದಳು ಹೆಂಡತಿ, ಕಣ್ಣು ಒರೆಸಿಕೊಂಡು. "ಇನ್ನೊಂದ್ಸಲ ಹಾಕಿ. ಮೊದಲಿಂದ."

ಚಾಳೀಸಪ್ಪ ಹಾಕಿ ತನ್ನ ಕುರ್ಚಿಯಲ್ಲಿ ಕೂತ. ಅತ್ತೆ ಅವನನ್ನು ಮತ್ತೆ ಬೈದರು. ಅವನು ಮತ್ತೆ ಎದ್ದು ನಿಂತ.